ಸೋಲು ಯಾರದು? ಗುರುವಿನದೋ, ಶಿಷ್ಯನದೋ?

ಹಾಕಿ ತಂಡವು ಸೋತಾಗಲೆಲ್ಲ ನಮ್ಮ ತಡಸದ ಕಟ್ಟೆಯ ಮೇಲೆ ಎರಡು ಪಕ್ಷಗಳು ಏಳುವವು. ತರಬೇತುದಾರನಿಗೆ ಕಲಿಸಲು ಬಾರದೆಂದು ಒಂದು ಪಕ್ಷ. ಆಟಗಾರರಿಗೆ ಆಡಲು ಬಾರದೆಂದು ಇನ್ನೊಂದು. ಈ ವಾದವು ಇಂದಿನದಲ್ಲ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ಗಣದಾಸ ಹರದತ್ತರೆಂಬ ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಹೆಚ್ಚೆಂದು ಕಲಹವಾಡಲು, ಶಿಷ್ಯೆಯ ಪ್ರಯೋಗವೇ ಗುರುವಿನ ಪರೀಕ್ಷೆಯಾಗುವದು. ಅದೇ ಒರೆಗಲ್ಲಿಗೆ ನಮ್ಮ ಹಾಕಿಯನ್ನು ಹಚ್ಚಿ ನೋಡೋಣ.

ಒಲಿಂಪಿಕ್ ಹಾಕಿಯಲ್ಲಿ 8 ಸಲ ಚಿನ್ನ ಗೆದ್ದ ದೇಶವು 2012ರಲ್ಲಿ ಲಂಡನ್ನಿನಲ್ಲಿ ಆಡಿದ ಆರು ಪಂದ್ಯಗಳನ್ನೂ ಸೋತು, 12 ತಂಡಗಳಲ್ಲಿ ಕಟ್ಟಕಡೆಯದಾಯಿತು. ತರಬೇತುದಾರರು ಆಸ್ಟ್ರೇಲಿಯದ ಮೈಕೇಲ್ ನಾಬ್ಸ್. ತಂಡದಲ್ಲಿ ನಮ್ಮ ಕೊಡಗಿನ ರಘುನಾಥ, ಸುನಿಲ, ಉತ್ತಪ್ಪ ಇದ್ದರು. ಆಟಗಾರರೇ ಅಯೋಗ್ಯರೆಂದು ಆಗ ಅನೇಕರು ತೀರ್ಪು ಕೊಟ್ಟರು. ಆದರೆ 2014ರಲ್ಲಿ ಇಂಚಿಯೋನಿನ ಏಷ್ಯನ್ ಕ್ರೀಡಾಕೂಟದಲ್ಲಿ, ಟೆರಿ ವಾಲ್ಷ್ ಎಂಬ ಗುರುವಿನ ಕೈಯಲ್ಲಿ, ಪಾಕಿಸ್ತಾನವನ್ನು ಸೋಲಿಸಿ 16 ವರ್ಷಗಳ ತರುವಾಯ ಚಿನ್ನ ತಂದವರಲ್ಲಿ ಅದೇ ರಘುನಾಥರೂ ಸುನಿಲರೂ ಇದ್ದರು! ಲಂಡನ್ನಿನಲ್ಲಿ ಸೋತ ಮನಪ್ರೀತ ಸಿಂಗ್ ಹಾಗೂ ಶ್ರೀಜೇಶರು 2021ರಲ್ಲಿ ಟೋಕಿಯೋದಲ್ಲಿ ಜರ್ಮನಿಯನ್ನು 5–4ರಿಂದ ಗೆದ್ದು, 41 ವರ್ಷಗಳ ಮೇಲೆ ಒಲಿಂಪಿಕ್ ಪದಕ ತಂದರು.

ಹಾಗಾದರೆ ದೋಷವೆಲ್ಲ ಗುರುವಿನದೇ? ಅದೂ ಅಲ್ಲ. ನಾಬ್ಸರು 2013ರಲ್ಲಿ ಹೋದ ಮೇಲೆ ಆರು ವರ್ಷಗಳೊಳಗೆ ವಾಲ್ಷ್, ವ್ಯಾನ್ ಆಸ್, ಓಲ್ಟ್‌ಮನ್ಸ್, ಮರೈನ್, ಹರೇಂದ್ರ ಸಿಂಗ್ ಎಂಬ ಐವರು ಬಂದು ಹೋದರು. ಚಿನ್ನ ಗೆಲ್ಲಿಸಿದ ವಾಲ್ಷರೇ ಅದೇ ವರ್ಷ ಬಿಟ್ಟುಹೋದರು. ವರ್ಷಕ್ಕೊಬ್ಬ ಶಿಕ್ಷಕನು ಬದಲಾದರೆ ಮಗ್ಗಿಯಾದರೂ ಬಾಯಿಗೆ ಬಂದೀತೆ? 2019ರಲ್ಲಿ ಬಂದ ಗ್ರಹಾಂ ರೀಡರಿಗೆ ಟೋಕಿಯೋದ ವರೆಗೂ ಕಾಲ ದೊರೆಯಿತು. ಅಲ್ಲಿ ಆಸ್ಟ್ರೇಲಿಯದೆದುರು 1–7ರಿಂದ ಸೋತರೂ ತಂಡವು ಧೃತಿಗೆಡಲಿಲ್ಲ, ಪದಕ ಬಂದಿತು.

ಇನ್ನೊಂದು ಮಾತು. 1976ರ ಮಾಂಟ್ರಿಯಲ್ ಒಲಿಂಪಿಕ್ಕಿನಲ್ಲಿ ಹುಲ್ಲು ಹೋಗಿ ಕೃತಕ ಹಾಸು ಬಂದಿತು; ಭಾರತವು 7ನೆಯ ಸ್ಥಾನಕ್ಕಿಳಿಯಿತು. ಮಣ್ಣಿನ ಮೇಲೆ ಕಲಿತ ಹುಡುಗನು ಚೆಂಡು ಬಾಣದಂತೆ ಓಡುವ ನೆಲದ ಮೇಲೆ ತಡವರಿಸಿದರೆ ತಪ್ಪು ಅವನದೂ ಅಲ್ಲ, ಗುರುವಿನದೂ ಅಲ್ಲ. ನೆಲವನ್ನು ಒದಗಿಸದ ಹಿರಿಯರದು.

ನನ್ನದೊಂದು ತಪ್ಪೊಪ್ಪಿಗೆಯಿದೆ. ಒಂದು ವರ್ಷ ನನ್ನ ತರಗತಿಯ ಅರ್ಧದಷ್ಟು ಹುಡುಗರು ಸಂಸ್ಕೃತದಲ್ಲಿ ತೇರ್ಗಡೆಯಾಗಲಿಲ್ಲ. ‘ಮಂದಮತಿಗಳು’ ಎಂದು ಅವರೆದುರಿಗೇ ಅಂದುಬಿಟ್ಟೆ. ಮರುವರ್ಷ ಬೇರೊಬ್ಬರು ಕಲಿಸಿದರು. ಅದೇ ಹುಡುಗರು ಪಾಸಾದರು. ಆ ಮಾತನ್ನು ಅವರು ಮರೆತಿರಬಹುದು, ನಾನು ಮರೆತಿಲ್ಲ.

ಆದಕಾರಣ ನನ್ನ ನಿರ್ಣಯವಿಷ್ಟೇ. ಒಬ್ಬನು ತಪ್ಪಿದರೆ ಶಿಷ್ಯನನ್ನು ಕೇಳಬೇಕು. ಎಲ್ಲರೂ ತಪ್ಪಿದರೆ ಗುರುವನ್ನು ಕೇಳಬೇಕು. ಗುರುಗಳು ಬದಲಾದರೂ ಸೋಲು ಬದಲಾಗದಿದ್ದರೆ ಶಾಲೆ ನಡೆಸುವವರನ್ನು ಕೇಳಬೇಕು. ಮನೆಯಲ್ಲಿ ಮಗುವಿನ ಅಂಕಪಟ್ಟಿ ಕೈಗೆ ಬಂದಾಗಲೂ ವಾಚಕರು ಈ ಕ್ರಮವನ್ನು ನೆನೆದರೆ ಅನೇಕ ಕಣ್ಣೀರು ಉಳಿದೀತು.