ಗುಡ್ಡದ ಮೇಲಿನಿಂದ ಭೂಮಿ ಗುಂಡಗೆ ಕಾಣುವುದೇ?

ಸವಡಿಯ ಎರೆಹೊಲದಲ್ಲಿ ನಿಂತವರಿಗೆ ನೆಲವು ಹಾಸಿದ ಜಮಖಾನೆಯಂತೆ ತೋರುವುದು ಸಹಜ. ಹಿಂಗಾರಿಯ ಜೋಳ, ಕಡಲೆಗಳು ಮುಗಿಲಂಚಿನವರೆಗೂ ಹಬ್ಬಿರುತ್ತವೆ. ಈ ಊರಿನ ಮಕ್ಕಳಿಗೆ ಒಮ್ಮೆ ಪಾಠ ಹೇಳುತ್ತ ನಾವು, "ಇಲ್ಲಿ ಕಾಣದಿದ್ದರೇನು, ಗಜೇಂದ್ರಗಡದ ಗುಡ್ಡವನ್ನೇರಿ ನೋಡಿರಿ, ಭೂಮಿ ಬಾಗಿರುವುದು ಕಣ್ಣಿಗೇ ಕಾಣುತ್ತದೆ" ಎಂದು ಧೈರ್ಯವಾಗಿ ನುಡಿದೆವು. ಬಹಳ ವರ್ಷಗಳಿಂದ ಹಾಗೆಯೇ ಹೇಳುತ್ತ ಬಂದಿದ್ದೆವು. ಯಾರೂ ಪ್ರಶ್ನಿಸಿರಲಿಲ್ಲ.

ಆ ಮಕ್ಕಳಲ್ಲೊಬ್ಬಳು ಮನೆಯವರೊಡನೆ ಕಾಲಕಾಲೇಶ್ವರನ ದರ್ಶನಕ್ಕೆ ಹೋದವಳು ಗುಡ್ಡವನ್ನೂ ಹತ್ತಿ ಬಂದು ನಮ್ಮೆದುರು ನಿಂತಳು. "ಅಜ್ಜಾರ, ಬಾಳ ಹೊತ್ತು ನೋಡಿದ್ನಿರಿ. ನೆಲ ಎಲ್ಲೂ ಬಾಗಿಲ್ರಿ, ಸಪಾಟ ಐತ್ರಿ" ಎಂದಳು. ಜೊತೆಗಿದ್ದ ಆಕೆಯ ತಂದೆ ನಮ್ಮ ಮರ್ಯಾದೆ ಕಾಯಲೆಂದು, "ಸುತ್ತಲೂ ಮುಗಿಲಂಚು ದುಂಡಗ ಇತ್ತಲ್ಲವಾ, ಅದ ಗುಂಡು" ಎಂದರು. ಆ ಆಸರೆಯನ್ನು ಹಿಡಿದುಕೊಳ್ಳಬಹುದಿತ್ತು. ಆದರೆ ಅದು ಸರಿಯಾದ ಉತ್ತರವಲ್ಲ. ಮಧ್ಯದಲ್ಲಿ ನಿಂತು ತಿರುಗಿದವನಿಗೆ ಸಪಾಟು ನೆಲದ ಅಂಚೂ ಬಳೆಯಂತೆಯೇ ಸುತ್ತುವರಿಯುತ್ತದೆ.

ಆ ರಾತ್ರಿ ಕಾಗದ ಹಿಡಿದು ಲೆಕ್ಕಕ್ಕೆ ಕುಳಿತೆವು. ನೆಲದ ಮೇಲೆ ನಿಂತವನ ಕಣ್ಣಿಗೆ ದಿಗಂತವು ಸುಮಾರು ನಾಲ್ಕೂವರೆ ಕಿಲೋಮೀಟರ್ ದೂರ. ಬಯಲಿನಿಂದ ನೂರು ಮೀಟರ್ ಮೇಲೇರಿದರೆ 36 ಕಿಲೋಮೀಟರ್. ದೂರವೇನೋ ಬೆಳೆಯಿತು. ಆದರೆ ಕಣ್ಣಿನ ಸಮರೇಖೆಯಿಂದ ದಿಗಂತವು ಕೆಳಗಿಳಿದದ್ದು ಒಂದು ಡಿಗ್ರಿಯ ಮೂರನೆಯ ಒಂದು ಪಾಲು ಮಾತ್ರ. ಒಂದೇ ನೋಟಕ್ಕೆ ಸಿಕ್ಕುವಷ್ಟು, ಅಂದರೆ ಸುತ್ತಿನ ಆರನೆಯ ಒಂದು ಭಾಗದಷ್ಟು ದಿಗಂತದಲ್ಲಿ ಉಂಟಾಗುವ ಬಾಗು ಹುಣ್ಣಿಮೆಯ ಚಂದ್ರಬಿಂಬದ ಅಗಲದ ಹನ್ನೆರಡನೆಯ ಒಂದು ಪಾಲನ್ನೂ ದಾಟುವುದು ಕಷ್ಟ. ಅದನ್ನು ಯಾವ ಕಣ್ಣು ಕಂಡೀತು!

ರೊಟ್ಟಿಯ ಹಂಚಿನ ನಡುವೆ ಕುಳಿತ ಇರುವೆಯನ್ನು ನೆನೆಯಿರಿ. ಹಂಚಿನ ಅಂಚು ಅದಕ್ಕೆ ಎತ್ತ ನೋಡಿದರೂ ಅಡ್ಡಗೆರೆಯೇ. ಒಲೆಯ ಮುಂದೆ ಕುಳಿತ ತಾಯಿಗೆ ಮಾತ್ರ ಅದು ದುಂಡು. ಗುಡ್ಡ ಹತ್ತಿದ ನಾವು ಒಂದು ಜೋಳದ ಕಾಳನ್ನೇರಿ ನಿಂತ ಇರುವೆಗಳು.

ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ 1930 ಮೀಟರ್. ಅದರ ನೆತ್ತಿಯ ಗದ್ದುಗೆಗೆ ಹೋಗಿಬಂದ ಭಕ್ತರು ಅನೇಕರಿದ್ದಾರೆ. ಅಷ್ಟು ಎತ್ತರದಿಂದ ಕಡಲಂಚನ್ನು ನೋಡಿದರೂ ಆ ಬಾಗು ಚಂದ್ರಬಿಂಬದ ಅರ್ಧಕ್ಕಿಂತ ಕಡಿಮೆ. ಮಂಜು, ಬೆಟ್ಟಸಾಲುಗಳು ಅದನ್ನೂ ನುಂಗುತ್ತವೆ. ಹತ್ತೂವರೆ ಕಿಲೋಮೀಟರ್ ಮೇಲೆ ಹಾರುವ ವಿಮಾನದಲ್ಲಿ, ನೋಟ ವಿಶಾಲವಾಗಿದ್ದು ಮೋಡವಿಲ್ಲದಿದ್ದರೆ, ಬಾಗು ಕಂಡೂ ಕಾಣದಂತೆ ತೋರತೊಡಗುತ್ತದೆ. ವಿಮಾನದ ಕಿರುಕಿಟಕಿಯೂ, ಕ್ಯಾಮೆರಾದ ಗಾಜೂ ಗೆರೆಯನ್ನು ತಾವೇ ಬಗ್ಗಿಸುವುದುಂಟು. ಆದ್ದರಿಂದ ಚಿತ್ರ ತೋರಿಸಿ ವಾದಿಸುವವರನ್ನು ಥಟ್ಟನೆ ನಂಬಲಾಗದು.

ವಿಚಿತ್ರವೆಂದರೆ ಇದನ್ನು ನಾವು ಓದಿ ಮರೆತಿದ್ದೆವು. ಬಸವಾದಿ ಶರಣರ ಕಾಲವೇ ಆದ ಹನ್ನೆರಡನೆಯ ಶತಮಾನದಲ್ಲಿ, 1150ರಲ್ಲಿ ಭಾಸ್ಕರಾಚಾರ್ಯರು ರಚಿಸಿದ 'ಸಿದ್ಧಾಂತ ಶಿರೋಮಣಿ'ಯ ಗೋಲಾಧ್ಯಾಯದಲ್ಲಿ ಕಾರಣ ಸ್ಪಷ್ಟವಾಗಿದೆ: ವೃತ್ತದ ಪರಿಧಿಯ ನೂರರಲ್ಲೊಂದು ಭಾಗವು ನೇರಗೆರೆಯಂತೆ ಕಾಣುತ್ತದೆ, ಭೂಮಿ ಬಹು ದೊಡ್ಡದು, ಮನುಷ್ಯ ಬಹು ಸಣ್ಣವ, ಆದುದರಿಂದ ನೆಲ ಸಮವಾಗಿ ತೋರುತ್ತದೆ. ಮಠದಲ್ಲಿ ಜ್ಯೋತಿಷ ಓದುವಾಗ ನಾವು ಆ ಭಾಗವನ್ನು ಬಾಯಿಪಾಠ ಮಾಡಿದ್ದೆವು. ಬಾಯಿಗೆ ಬಂದದ್ದು ಬುದ್ಧಿಗೆ ಬಂದಿರಲಿಲ್ಲ.

ಹಾಗೆಂದು ಗುಡ್ಡ ನಿರುಪಯೋಗಿಯಲ್ಲ. ಬಾಗು ಕಾಣದಿದ್ದರೂ ದಿಗಂತದ ಇಳಿತವನ್ನು ಅಳೆಯಬಹುದು. ಹನ್ನೊಂದನೆಯ ಶತಮಾನದಲ್ಲಿ ಅಲ್‌ಬಿರೂನಿಯು ಇಂದಿನ ಪಾಕಿಸ್ತಾನದ ಪಂಜಾಬಿನಲ್ಲಿರುವ ನಂದನಾ ಕೋಟೆಯ ಬಳಿಯ ಬೆಟ್ಟವನ್ನೇರಿ, ಆ ಇಳಿತದಿಂದಲೇ ಭೂಮಿಯ ತ್ರಿಜ್ಯವನ್ನು ಗಣಿಸಿದನು. ನಮ್ಮಲ್ಲಿ ಅಂಥ ಯಂತ್ರವಿಲ್ಲ, ಆದರೆ ಗಡಿಯಾರವಿದೆ. ಪಡುವಣವು ಬಯಲಾಗಿರುವಲ್ಲಿ, ನೂರು ಮೀಟರ್ ಮೇಲೆ ನಿಂತವನಿಗೆ ಸೂರ್ಯಾಸ್ತವು ಕೆಳಗಿನವನಿಗಿಂತ ಒಂದು ನಿಮಿಷಕ್ಕೂ ತುಸು ತಡವಾಗಿ ಆಗಬೇಕು. ನೆಲವು ಸಪಾಟಾಗಿದ್ದರೆ ಈ ಅಂತರಕ್ಕೆ ಕಾರಣವೇ ಇರದು.

ಮರುದಿನ ಆ ಬಾಲೆಯನ್ನು ಕರೆದು, "ತಂಗಿ, ನೀನು ಕಂಡದ್ದೇ ಸರಿ, ನಾವು ಹೇಳಿದ್ದು ತಪ್ಪು" ಎಂದು ಉಳಿದ ಮಕ್ಕಳ ಮುಂದೆಯೇ ಹೇಳಿ, ಈ ಉಪಾಯವನ್ನು ತಿಳಿಸಿದೆವು. ಬೇಸಿಗೆಯಲ್ಲಿ ಆಕೆ ಗುಡ್ಡದ ಮೇಲೂ, ಆಕೆಯ ಅಣ್ಣ ಕೆಳಗಿನ ಹೊಲದಲ್ಲೂ ಗಡಿಯಾರ ಹಿಡಿದು ನಿಂತರು. ಸೂರ್ಯನು ನೆಲವನ್ನು ಮುಟ್ಟುವ ಮೊದಲೇ ಕೆಂಧೂಳಿನಲ್ಲಿ ಮುಳುಗಿಹೋದನು. ಮಳೆ ಹೋಗಿ ಮುಗಿಲು ತೊಳೆದಂತಾದ ಮೇಲೆ, ದೀಪಾವಳಿಯ ಸುಮಾರಿಗೆ, ಮತ್ತೆ ಹೋಗುವರಂತೆ. ನಮ್ಮ ಮೊಣಕಾಲು ಒಪ್ಪಿದರೆ ನಾವೂ ಹೋಗುವವರಿದ್ದೇವೆ. ಒಪ್ಪದಿದ್ದರೆ ಕೆಳಗಿನ ಹೊಲದಲ್ಲಿ ಅಣ್ಣನ ಜೊತೆಗೆ ನಿಲ್ಲುತ್ತೇವೆ.