ಪರಿಹಾರ ಭಿಕ್ಷೆಯಲ್ಲ, ಹಕ್ಕು



ನಮ್ಮ ಲಾಭಕ್ಕಾಗಿ ಇನ್ನೊಬ್ಬರಿಗೆ ಹಾನಿ ಮಾಡಬಾರದು, ಹಾನಿಯಾದರೆ ತುಂಬಿಕೊಡಬೇಕು. ಇದು ಹಕ್ಕುಲ್ ಇಬಾದ್, ಅಂದರೆ ಮನುಷ್ಯರ ಹಕ್ಕಿನ ವಿಷಯ. ವ್ಯಕ್ತಿಗೆ ಅನ್ವಯಿಸುವ ಈ ನಿಯಮ ಕಂಪೆನಿಗೂ ಸರಕಾರಕ್ಕೂ ಅನ್ವಯಿಸುತ್ತದೆ.

ನಮ್ಮ ಕಡೂರಿನಿಂದ ಚಿಕ್ಕಮಗಳೂರು ದಾಟಿ ಚಾರ್ಮಾಡಿ ಘಾಟಿ ಇಳಿದರೆ ಬೆಳ್ತಂಗಡಿ ತಾಲ್ಲೂಕು. ಅಲ್ಲಿನ ಕೊಕ್ಕಡದ ಸುತ್ತ ಕರ್ನಾಟಕ ಗೇರು ಅಭಿವೃದ್ಧಿ ನಿಗಮವೂ, ಗಡಿಯಾಚೆ ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನೂ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿದವು. ಎರಡೂ ಸರಕಾರಿ ಸಂಸ್ಥೆಗಳೇ. ಕಾಸರಗೋಡಿನಲ್ಲಿ 2000ದವರೆಗೂ ಇದು ನಡೆಯಿತು. ಕನ್ನಡಿಗರ ಊರಾದ ಎಣ್ಮಕಜೆಯ ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ ಕುಮಾರ್ ಅವರು ಮನೆಮನೆಯಲ್ಲೂ ಕಾಯಿಲೆ, ಮಕ್ಕಳಲ್ಲಿ ಅಂಗವೈಕಲ್ಯ ಕಂಡು ಎಚ್ಚರಿಸಿದರು.

2011ರ ಮೇ 13ರಂದು ಸುಪ್ರೀಂ ಕೋರ್ಟ್ ಈ ಕೀಟನಾಶಕವನ್ನು ತಡೆಹಿಡಿಯಿತು. 2017ರ ಜನವರಿ 10ರಂದು, ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ನೀಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಆದರೆ 2022ರಲ್ಲಿ ಕೋರ್ಟ್ ಲೆಕ್ಕ ಕೇಳಿದಾಗ, 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ ಮಾತ್ರ. ಅವರು ಮತ್ತೆ ಕೋರ್ಟಿನ ಬಾಗಿಲು ತಟ್ಟಿದವರು! ಹಾಸಿಗೆ ಬಿಟ್ಟೇಳಲಾಗದ ಮಗುವಿನ ತಾಯಿ ದೆಹಲಿಗೆ ಹೋಗುವುದು ಹೇಗೆ? ಆಕೆಯ ಪರವಾಗಿ ನಡೆಯುವವರು ಬೇಕು. ಅದು ನೆರೆಯವರಾದ ನಮ್ಮೆಲ್ಲರ ಹೊಣೆ.

ಕರ್ನಾಟಕದಲ್ಲಿ ಎಂಡೋಸಲ್ಫಾನ್ ಸಂತ್ರಸ್ತರಿಗೆ ವೈಕಲ್ಯದ ಪ್ರಮಾಣ ನೋಡಿ ಮಾಸಾಶನ ಕೊಡಲಾಗುತ್ತದೆ. ಅಲ್ಲಿಂದ ಬಂದು ನಮ್ಮಲ್ಲಿ ನೆಲೆಸಿದ ಕುಟುಂಬವಿದ್ದರೆ ವಿಚಾರಿಸೋಣ.

ಇಂಥ ಆಪತ್ತು ಯಾವ ಊರಿಗೂ ಬರಬಹುದು. ಆದ್ದರಿಂದ ನಾವು ತಿಳಿದಿರಬೇಕಾದದ್ದು ಇಷ್ಟು:

1. ಆಸ್ಪತ್ರೆ ಚೀಟಿ, ಔಷಧ ಬಿಲ್ಲು, ಅಂಗವೈಕಲ್ಯ ಪ್ರಮಾಣಪತ್ರ ಜೋಪಾನವಾಗಿರಲಿ. ಅರ್ಜಿ ಕೊಟ್ಟರೆ ಸ್ವೀಕೃತಿ ಪಡೆಯಿರಿ.

2. ಪರಿಸರ ಹಾನಿಯ ಪರಿಹಾರಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಲು ಸಾಮಾನ್ಯವಾಗಿ 5 ವರ್ಷಗಳ ಗಡುವಿದೆ. ತಡಮಾಡಿದರೆ ಹಕ್ಕು ಕೈತಪ್ಪೀತು.

3. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಕೈಗಾರಿಕಾ ದುರಂತದ ಸಂತ್ರಸ್ತರು, ಮಹಿಳೆಯರು, ಮಕ್ಕಳು, ಅಂಗವಿಕಲರು ಉಚಿತ ವಕೀಲರ ನೆರವಿಗೆ ಅರ್ಹರು. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಪ್ರತಿ ಮಹಲ್ಲಾದಲ್ಲೂ ಅರ್ಜಿ ಬರೆಯಬಲ್ಲ ಇಬ್ಬರು ಯುವಕರು ಮುಂದೆ ಬರಲಿ. ಜುಮಾ ಮುಗಿದ ಮೇಲೆ ಅರ್ಧ ಗಂಟೆ ಮಸೀದಿಯ ಅಂಗಳದಲ್ಲಿ ಕೂರಲಿ. ಬಂದವರು ಯಾವ ಧರ್ಮದವರೆಂದು ಕೇಳದಿರಲಿ. ವಿಷವೂ ಅದನ್ನು ಕೇಳಿರಲಿಲ್ಲ.