ನಿಮಗಿದು ಗೊತ್ತೇ? ಹಾಡುವವರ ಹಮ್ಮು, ಹಟ, ಹುಚ್ಚು!

ಬ್ಯಾಡಗಿ ಮೆಣಸಿನಕಾಯಿಯ ಗುಟ್ಟು ನಿಮಗೆ ಗೊತ್ತೇ ಇದೆ. ಬಣ್ಣ ಕಡುಗೆಂಪು, ಖಾರ ಕಮ್ಮಿ. ಸಂಗೀತಗಾರರದು ಇದಕ್ಕೆ ತಿರುವುಮುರುವು. ಮೇಲೆ ಸಾದಾ ಧೋತರ, ಕರಿ ಟೊಪ್ಪಿಗೆ. ಒಳಗೆ ಮಾತ್ರ ಗಂಟಲು ಉರಿಸುವ ಖಾರ! ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಿಂದ ಶುರು ಮಾಡಿ ಏಳು ಸಮುದ್ರದಾಚೆಯವರೆಗೂ ಹೆಕ್ಕಿದ ಕೆಲವು ವಿಚಿತ್ರಗಳು ಇಲ್ಲಿವೆ. ಓದಿ, ಬೆರಗಾಗಿ!

ತುಪ್ಪದ ಸಿಟ್ಟು, ಹಾಡಿನ ಹುಚ್ಚು

ಭೀಮಸೇನ ಜೋಶಿಯವರು ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ್ದು 11ನೇ ವಯಸ್ಸಿನಲ್ಲಿ! ಹುಚ್ಚು ಹಿಡಿಸಿದ್ದು ಅಬ್ದುಲ್ ಕರೀಂ ಖಾನರ ಒಂದು ಗ್ರಾಮಫೋನ್ ತಟ್ಟೆ. ಊಟಕ್ಕೆ ಕೂತಾಗ ಬೇಕಾದಷ್ಟು ತುಪ್ಪ ಸಿಗಲಿಲ್ಲವೆಂಬ ಸಿಟ್ಟೂ ಸೇರಿಕೊಂಡಿತ್ತಂತೆ. ಕಿಸೆಯಲ್ಲಿ ಕಾಸಿಲ್ಲ, ಕೈಯಲ್ಲಿ ಟಿಕೆಟ್ಟಿಲ್ಲ. ರೈಲಿನಲ್ಲಿ ಹಾಡು ಹೇಳಿಕೊಂಡೇ ಉತ್ತರ ಹಿಂದೂಸ್ತಾನ ಸುತ್ತಿದರು!

ಹುಡುಗ ಜಲಂಧರದವರೆಗೂ ಹೋದ. ಅಲ್ಲಿ ವಿನಾಯಕರಾವ್ ಪಟವರ್ಧನರು ಕೊಟ್ಟ ಸಲಹೆ ಏನು ಗೊತ್ತೇ? ‘ನಿಮ್ಮ ಕಡೆಯೇ ಸವಾಯಿ ಗಂಧರ್ವರಿದ್ದಾರೆ, ಅಲ್ಲಿಗೆ ಹೋಗು’ ಅಂತ! ಹುಡುಕಿದ ಗುರು ಸಿಕ್ಕಿದ್ದು ಊರ ಹತ್ತಿರದ ಕುಂದಗೋಳದಲ್ಲಿ. ಅದಕ್ಕೆ ಇಡೀ ದೇಶ ತಿರುಗಬೇಕಾಯಿತು!

ಅಲೆದಾಟದ ದಿನಗಳಲ್ಲಿ ಇದೇ ಹುಡುಗ ಕಲ್ಕತ್ತೆಯಲ್ಲಿ ನಟ ಪಹಾಡಿ ಸಾನ್ಯಾಲರ ಮನೆಗೆಲಸಕ್ಕಿದ್ದ. ವರ್ಷಗಳ ಮೇಲೆ ಅದೇ ಊರಿನ ಕಛೇರಿಯಲ್ಲಿ ಸಾನ್ಯಾಲರು ತಲೆದೂಗುತ್ತ ಕೂತಿದ್ದರು. ಭೀಮಸೇನರೇ ಬಳಿ ಹೋಗಿ ‘ನಿಮ್ಮ ಮನೆಯಲ್ಲಿದ್ದ ಹುಡುಗ ನಾನೇ’ ಎಂದು ನೆನಪಿಸಿದರಂತೆ. ಸಾನ್ಯಾಲರ ಮುಖ ಹೇಗಾಗಿರಬೇಡ!

ರಾಗದಷ್ಟೇ ಮೋಹ ಕಾರಿನ ಮೇಲೆ! ಭೀಮಸೇನರು ಎಷ್ಟೋ ಕಛೇರಿಗೆ ತಾವೇ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಮುಂದೆ ವಿಮಾನದಲ್ಲೇ ಓಡಾಟ ಹೆಚ್ಚಾದಾಗ ಮರಾಠಿಯ ನಗೆಬರಹಗಾರ ಪು.ಲ. ದೇಶಪಾಂಡೆ ಇಟ್ಟ ಹೆಸರು ‘ಹವಾಯಿ ಗಂಧರ್ವ’. ಗುರು ಸವಾಯಿ, ಶಿಷ್ಯ ಹವಾಯಿ!

ಆ ‘ಸವಾಯಿ’ಯೂ ಸಣ್ಣ ಬಿರುದಲ್ಲ. ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರು ಮೆರೆಯುತ್ತಿದ್ದ ಕಾಲ ಅದು. ಕುಂದಗೋಳದ ರಾಮಭಾವು ರಂಗಕ್ಕೆ ಬಂದು ಹಾಡಿದ್ದೇ ತಡ, ‘ಒಂದೂಕಾಲು ಗಂಧರ್ವ’ನೆಂಬ ಪಟ್ಟ ಸಿಕ್ಕಿತು. ಪೂರ್ತಿ ಗಂಧರ್ವನಿಗಿಂತ ಇನ್ನೂ ನಾಲ್ಕಾಣೆ ಜಾಸ್ತಿ!

ನಾಯಿಗೂ ಸರಿಗಮ!

ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ತಮ್ಮ ನಾಯಿಗೂ ಹಾಡಲು ಕಲಿಸಿದ್ದರು ಅನ್ನುತ್ತಾರೆ! ಅದರ ಹೆಸರು ಟಿಪ್ಪು ಮಿಯಾ. ಖಾನರು ಸ್ವರ ಹಿಡಿದರೆ ಅದೂ ದನಿಗೂಡಿಸುತ್ತಿತ್ತಂತೆ. ನಾಯಿ ಯಾವ ಘರಾಣೆ ಅಂತ ಕೇಳಬೇಡಿ, ಖಾನರ ಕಿರಾಣಾ ಘರಾಣೆಯೇ ಅಂತ ಇಟ್ಟುಕೊಳ್ಳಿ!

ಖಾನರ ಕೊನೆಯ ಹಾಡು ನಡೆದದ್ದು ಎಲ್ಲಿ ಗೊತ್ತೇ? ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ! 1937ರ ಅಕ್ಟೋಬರ್. ಪಾಂಡಿಚೇರಿಗೆ ಹೊರಟಿದ್ದಾಗ ಎದೆನೋವು ಬಂತು. ತಮಿಳುನಾಡಿನ ಸಿಂಗಪೆರುಮಾಳ್ ಕೋಯಿಲ್ ನಿಲ್ದಾಣದಲ್ಲಿ ಇಳಿದರು. ಅಲ್ಲೇ ಕೂತು ದರಬಾರಿ ರಾಗದಲ್ಲಿ ಪ್ರಾರ್ಥನೆ ಹಾಡಿ ಕಣ್ಣು ಮುಚ್ಚಿದರು.

ಹೆಸರು ಹಾನಗಲ್ಲಿನದು, ದನಿ ಗಂಡಸಿನದು!

ಹಾವೇರಿ ಜಿಲ್ಲೆಯ ಹಾನಗಲ್ಲಿನ ಹೆಸರನ್ನು ದೇಶದ ತುಂಬ ಹಬ್ಬಿಸಿದ್ದು ಗಂಗೂಬಾಯಿ ಹಾನಗಲ್. ಅವರ ಮೊದಮೊದಲ ಗ್ರಾಮಫೋನ್ ತಟ್ಟೆಗಳ ಮೇಲೆ ಇದ್ದ ಹೆಸರು ‘ಗಾಂಧಾರಿ’! ಆಗ ಅವರದು ತೆಳ್ಳನೆಯ ಹೆಣ್ಣುದನಿ. ಟಾನ್ಸಿಲ್ ಶಸ್ತ್ರಚಿಕಿತ್ಸೆ ಆದಮೇಲೆ ದನಿ ಗಡಸಾಯಿತು. ಬೇರೆಯವರಾಗಿದ್ದರೆ ಹಾಡೇ ಬಿಡುತ್ತಿದ್ದರು. ಇವರು ಅದನ್ನೇ ತಮ್ಮ ಗುರುತಾಗಿಸಿಕೊಂಡರು!

ಚುರುಕು ಮಾತಿಗೂ ಅವರು ಹೆಸರುವಾಸಿ. ಹಾಡುವ ಗಂಡಸು ಹಿಂದೂ ಆದರೆ ಪಂಡಿತ, ಮುಸ್ಲಿಮನಾದರೆ ಉಸ್ತಾದ, ಹೆಂಗಸು ಎಷ್ಟೇ ದೊಡ್ಡವಳಾದರೂ ಬರೀ ‘ಬಾಯಿ’ ಅಂತ ಚುಚ್ಚಿದ್ದರು. ಹಮ್ಮಿನ ಬಲೂನಿಗೆ ಸೂಜಿ!

ಮಲ್ಲಿಕಾರ್ಜುನ ಮನಸೂರರ ತಟ್ಟೆಗಳು ಆಗಲೇ ಮಾರುಕಟ್ಟೆಯಲ್ಲಿದ್ದವು, ಹೆಸರೂ ಆಗಿತ್ತು. ಆಮೇಲೆ ಏನು ಮಾಡಿದರು? ಮಂಜೀಖಾನರ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕೂತರು! ಹಮ್ಮು ಇಲ್ಲವೇ? ಇತ್ತು, ರಾಗದಲ್ಲಿ. ಬೇರೆಯವರು ಮುಟ್ಟಲು ಅಂಜುವ ಅಪರೂಪದ ರಾಗಗಳೇ ಅವರಿಗೆ ಇಷ್ಟ. ಜೊತೆಗೊಂದು ಬೀಡಿ!

ಸೂಳೇಭಾವಿಯ ಕುಮಾರ ಗಂಧರ್ವರಿಗೆ ಕ್ಷಯ ತಗುಲಿ ಒಂದು ಶ್ವಾಸಕೋಶ ಕೆಲಸ ಮಾಡದಾಯಿತು. ವೈದ್ಯರು ಹಾಡಲೇಬಾರದು ಎಂದರು. ವರ್ಷಗಟ್ಟಲೆ ಹಾಸಿಗೆ ಹಿಡಿದರು. ಎದ್ದು ಬಂದು ಒಂದೇ ಶ್ವಾಸಕೋಶದಲ್ಲಿ ಹಾಡಿದರು, ಹೊಸ ರಾಗಗಳನ್ನೂ ಕಟ್ಟಿದರು! ಸಂಪ್ರದಾಯಸ್ಥರು ಹುಬ್ಬೇರಿಸಿದರು. ಅವರು ಕೇಳಬೇಕಲ್ಲ!

ಕಣ್ಣಿಲ್ಲ, ಆದರೆ ಏನು ಬಾರದು?

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಇಬ್ಬರು ಗವಾಯಿಗಳೂ ಹಾವೇರಿ ಸೀಮೆಯವರೇ! ಪಂಚಾಕ್ಷರ ಗವಾಯಿಗಳು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವರು. ಪುಟ್ಟರಾಜ ಗವಾಯಿಗಳು ದೇವಗಿರಿಯವರು. ಇಬ್ಬರಿಗೂ ಕಣ್ಣಿರಲಿಲ್ಲ. ಒಬ್ಬ ಗಾಯಕನಿಗೆ ಒಂದು ಪದ್ಧತಿ ದಕ್ಕಿದರೆ ದೊಡ್ಡದು. ಪಂಚಾಕ್ಷರರು ಕರ್ನಾಟಕಿ, ಹಿಂದೂಸ್ತಾನಿ ಎರಡನ್ನೂ ಅರಗಿಸಿಕೊಂಡಿದ್ದರು!

ಪುಟ್ಟರಾಜರಿಗೆ ಬರುತ್ತಿದ್ದ ವಾದ್ಯಗಳ ಪಟ್ಟಿ ನೋಡಿ: ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು, ಶಹನಾಯಿ, ಪಖವಾಜ್... ಇನ್ನೂ ಇವೆ! ಸಾಲದ್ದಕ್ಕೆ ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಬರೆದರು. ಬ್ರೈಲ್ ಲಿಪಿಯಲ್ಲಿ ಭಗವದ್ಗೀತೆ ತಂದರು. ಆಶ್ರಮದ ಮಕ್ಕಳ ಊಟಕ್ಕಾಗಿ ನಾಟಕ ಕಂಪನಿಯನ್ನೇ ನಡೆಸಿದರು!

ಪಂಚಾಕ್ಷರ ಗವಾಯಿಗಳ ಮೇಲಿನ ಸಿನಿಮಾ ಬಂದದ್ದು 1995ರಲ್ಲಿ. ಅದರಿಂದ ಹಂಸಲೇಖ ಅವರಿಗೆ ಸಂಗೀತಕ್ಕೆ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಒಬ್ಬ ಗವಾಯಿಯ ಕತೆಗೆ ಎರಡು ಪ್ರಶಸ್ತಿ!

ಜನಿವಾರ ಹಾಕಿಕೊಂಡ ಶರೀಫರು

ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫರು ಶಾಲೆಯ ಮಾಸ್ತರಿಕೆ ಬಿಟ್ಟು ಪದ ಹಾಡಲು ಹೊರಟವರು. ಗುರು ಕಳಸದ ಗೋವಿಂದ ಭಟ್ಟರು. ಮುಸ್ಲಿಂ ಶಿಷ್ಯ, ಬ್ರಾಹ್ಮಣ ಗುರು ಅಂತ ಊರು ಮೂಗು ಮುರಿಯಿತು. ಭಟ್ಟರು ಶಿಷ್ಯನ ಕೊರಳಿಗೆ ಜನಿವಾರವನ್ನೇ ಹಾಕಿಬಿಟ್ಟರು! ಈ ಜೋಡಿಯಲ್ಲಿ ಹೆಚ್ಚು ಹಟಮಾರಿ ಯಾರು, ನೀವೇ ಹೇಳಿ.

ಶರೀಫರು ಹುಟ್ಟಿದ್ದು 1819ರಲ್ಲಿ. ತೀರಿಕೊಂಡದ್ದು 1889ರಲ್ಲಿ, ಅದೂ ಹುಟ್ಟಿದ ತಾರೀಖಿನಂದೇ ಅನ್ನುತ್ತಾರೆ! ಅಂತ್ಯಸಂಸ್ಕಾರದಲ್ಲಿ ಒಂದು ಕಡೆ ಮಂತ್ರ, ಇನ್ನೊಂದು ಕಡೆ ಕುರಾನು!

ಅಕ್ಕಿಗೂ ರಾಗಿಗೂ ಜಗಳ!

ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಹೆಸರು ಹೇಳಿದರೆ ಕನಕದಾಸರು. ಕತ್ತಿ ಕೆಳಗಿಟ್ಟು ತಂಬೂರಿ ಹಿಡಿದ ನಾಯಕ. ಇವರ ‘ರಾಮಧಾನ್ಯ ಚರಿತೆ’ಯಲ್ಲಿ ನಾನು ಹೆಚ್ಚು ತಾನು ಹೆಚ್ಚು ಅಂತ ಅಕ್ಕಿಯೂ ರಾಗಿಯೂ ಕಚ್ಚಾಡುತ್ತವೆ! ಶ್ರೀರಾಮನ ತೀರ್ಪು? ಇಬ್ಬರಿಗೂ ಆರು ತಿಂಗಳು ಸೆರೆ! ಹೊರಬಂದಾಗ ಅಕ್ಕಿ ಸೊರಗಿತ್ತು, ರಾಗಿ ಗಟ್ಟಿಮುಟ್ಟಾಗಿತ್ತು.

ಬೊಗಳುವ ವಾದ್ಯಗಾರರು

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಗೊರವಯ್ಯಗಳನ್ನು ನೋಡಿದ್ದೀರಾ? ಕರಿ ಕಂಬಳಿ, ಕರಡಿ ಕೂದಲಿನ ಟೊಪ್ಪಿಗೆ, ಒಂದು ಕೈಯಲ್ಲಿ ಡಮರುಗ, ಇನ್ನೊಂದರಲ್ಲಿ ಕೊಳಲು. ಇವರು ಮೈಲಾರಲಿಂಗನ ನಾಯಿಗಳಂತೆ! ದೋಣಿ ಸೇವೆಯ ಹೊತ್ತಿಗೆ ಬೊಗಳುತ್ತ, ಬಾಗಿ, ದೋಣಿ ಎಂಬ ಪಾತ್ರೆಗೇ ಬಾಯಿ ಹಾಕಿ ಹಾಲುಬಾಳೆಹಣ್ಣು ತಿನ್ನುತ್ತಾರೆ. ಹಮ್ಮು ಇಳಿಸಲು ಇದಕ್ಕಿಂತ ಉಪಾಯ ಉಂಟೇ?

ಅದೇ ಗೊರವಯ್ಯ ಆಯುಧಪೂಜೆಯ ದಿನ ಎತ್ತರದ ಬಿಲ್ಲು ಏರುತ್ತಾನೆ. ‘ಸದ್ದಲೇ’ ಎನ್ನುತ್ತಾನೆ. ಸೇರಿದ ಜನಸಾಗರ ಗಪ್‌ಚುಪ್! ಒಂದೇ ಸಾಲಿನ ಕಾರಣಿಕ, ಅಂದರೆ ಭವಿಷ್ಯವಾಣಿ, ನುಡಿದು ಮೇಲಿಂದ ಬಿದ್ದುಬಿಡುತ್ತಾನೆ. ಕೆಳಗಿನವರು ಹಿಡಿದುಕೊಳ್ಳುತ್ತಾರೆ. ಆ ಒಂದು ಸಾಲಿನಲ್ಲಿ ಮಳೆ ಬೆಳೆಯಿಂದ ರಾಜಕೀಯದವರೆಗೆ ಜನ ಅರ್ಥ ಹುಡುಕುತ್ತಾರೆ!

ಮೈಸೂರಿನ ಠೀವಿ

ಬರೋಡದ ಮಹಾರಾಜರು ವೀಣೆ ಶೇಷಣ್ಣನವರಿಗೆ ಪಲ್ಲಕ್ಕಿ ಮೆರವಣಿಗೆಯ ಮರ್ಯಾದೆ ಕೊಟ್ಟರು. ಶೇಷಣ್ಣನವರು ಪಲ್ಲಕ್ಕಿಯಲ್ಲಿ ವೀಣೆಯನ್ನು ಕೂರಿಸಿ, ತಾವು ಪಕ್ಕದಲ್ಲಿ ನಡೆದರು ಎಂಬ ಕತೆಯಿದೆ. ಮೆರವಣಿಗೆ ವೀಣೆಗೆ!

ಪಿಟೀಲಿಗೆ ನಾಲ್ಕು ತಂತಿ. ಟಿ. ಚೌಡಯ್ಯನವರಿಗೆ ಅದು ಸಾಲಲಿಲ್ಲ. ಮೈಕಿಲ್ಲದ ಕಾಲ, ಹಿಂದೆ ಕೂತವರಿಗೂ ಕೇಳಬೇಕು. ಏಳು ತಂತಿ ಹಾಕಿಬಿಟ್ಟರು! ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವೇ ಪಿಟೀಲಿನ ಆಕಾರದಲ್ಲಿದೆ!

ಠೀವಿಯ ಮಹಾರಾಣಿ ಎಂದರೆ ಗಾಯಕಿ ಗೌಹರ್ ಜಾನ್. ತಮ್ಮ ಬೆಕ್ಕು ಮರಿ ಹಾಕಿದ ಖುಷಿಗೆ 20,000 ರೂಪಾಯಿ ಸುರಿದು ಔತಣ ಕೊಟ್ಟರಂತೆ! ತಟ್ಟೆಗಳ ಕೊನೆಯಲ್ಲಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಅಂತ ಸಾರುತ್ತಿದ್ದರು. ಜಂಬವೇ? ಅಲ್ಲ! ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಹಾಡಿದವರು ಯಾರೆಂದು ಅಲ್ಲಿನವರಿಗೆ ತಿಳಿಯಬೇಕಿತ್ತು. ಕಡೆಗಾಲಕ್ಕೆ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದು, 1930ರಲ್ಲಿ ಅಲ್ಲೇ ತೀರಿಕೊಂಡರು.

ಅಮೆರಿಕದಲ್ಲೂ ಇದೇ ಹಾಡು!

ಅಮೆರಿಕದಲ್ಲಿ ಬ್ಲೂಗ್ರಾಸ್ ಎಂಬ ಹಳ್ಳಿಸೊಗಡಿನ ತಂತಿವಾದ್ಯ ಸಂಗೀತವಿದೆ. ಅದರ ಪಿತಾಮಹ ಬಿಲ್ ಮನ್ರೋ. ಅಣ್ಣಂದಿರು ಗಿಟಾರು, ಪಿಟೀಲು ಕಿತ್ತುಕೊಂಡರು. ತಮ್ಮನಿಗೆ ಉಳಿದದ್ದು ಎಂಟು ತಂತಿಯ ಮ್ಯಾಂಡೊಲಿನ್. ಜೋರಾಗಿ ನುಡಿಸಬಾರದೆಂದು ಅದರಲ್ಲೂ ನಾಲ್ಕು ತಂತಿ ತೆಗೆಸಿದರು! ದೊಡ್ಡವನಾದ ಮೇಲೆ ಜಗತ್ತೇ ಕೇಳುವಷ್ಟು ಜೋರಾಗಿ ನುಡಿಸಿದ.

ರಿಪೇರಿಗೆ ಕಳಿಸಿದ ಮ್ಯಾಂಡೊಲಿನ್ ಮನಸ್ಸಿಗೆ ಒಪ್ಪುವಂತೆ ವಾಪಸು ಬರಲಿಲ್ಲ. ಮನ್ರೋ ಚಾಕು ತೆಗೆದು ವಾದ್ಯದ ಮೇಲಿದ್ದ ಕಂಪನಿಯ ಹೆಸರನ್ನೇ ಕೆರೆದು ಹಾಕಿದ! ತಂಡ ಬಿಟ್ಟು ಹೋದ ಲೆಸ್ಟರ್ ಫ್ಲಾಟ್ ಜೊತೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಮಾತು ಬಿಟ್ಟ. ರಾಜಿಯಾದದ್ದು 1971ರಲ್ಲಿ!

ಅದೇ ಸಂಗೀತದ ಜಿಮ್ಮಿ ಮಾರ್ಟಿನ್ ತನ್ನನ್ನು ತಾನೇ ರಾಜ ಅಂದುಕೊಂಡಿದ್ದವನು. ಸತ್ತಮೇಲೆ ಜನ ಏನು ಬರೆಸುತ್ತಾರೋ ಎಂಬ ಅನುಮಾನವೇನೋ, ಬದುಕಿದ್ದಾಗಲೇ ತನ್ನ ಗೋರಿಕಲ್ಲನ್ನು ತಾನೇ ನಿಲ್ಲಿಸಿಕೊಂಡ!

ಯಾರು ಹೆಚ್ಚು?

ನಮ್ಮಲ್ಲಂತೂ ಹಮ್ಮಿಗೇ ಒಂದು ಪಂದ್ಯವಿದೆ! ಅದು ಹರದೇಶಿ-ನಾಗೇಶಿ. ಹರದೇಶಿಯವರದು ಗಂಡೇ ಹೆಚ್ಚು ಎಂಬ ವಾದ, ನಾಗೇಶಿಯವರದು ಹೆಣ್ಣೇ ಹೆಚ್ಚು ಎಂಬ ವಾದ. ಗೀಗೀ ಪದದವರು ದಪ್ಪು, ತುಂತುಣಿ, ತಾಳ ಹಿಡಿದು, ಡೊಳ್ಳಿನ ಪದದವರು ಡೊಳ್ಳು ಬಾರಿಸಿ ಬೆಳತನಕ ಸವಾಲು-ಜವಾಬು ನಡೆಸುತ್ತಾರೆ. ಒಂದು ಮೇಳ ಪುರಾಣದ ಒಗಟು ಎಸೆದರೆ ಇನ್ನೊಂದು ಹಾಡಿನಲ್ಲೇ ಬಿಡಿಸಬೇಕು!

ತಮಾಷೆ ಕೇಳಿ: ಮೀಸೆ ತಿರುವುವ ಗಂಡಸರೇ ನಾಗೇಶಿ ಪಕ್ಷ ಹಿಡಿದು, ಹೆಣ್ಣೇ ಹೆಚ್ಚೆಂದು ಗಂಟಲು ಹರಿಯುವಂತೆ ಹಾಡುವುದೂ ಉಂಟು! ತಲೆಮಾರುಗಳಿಂದ ನಡೆದರೂ ಈ ವ್ಯಾಜ್ಯ ತೀರಿಲ್ಲ. ಶಿಗ್ಗಾಂವಿ ಹತ್ತಿರದ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ ಬಂದರೂ ತೀರಿಲ್ಲ! ಮುಂದಿನ ಜಾತ್ರೆಯಲ್ಲಿ ಮೇಳ ಕೂತರೆ ನೀವೂ ಹೋಗಿ ಕೇಳಿ. ಆದರೆ ತೀರ್ಪು ಕೊಡಲು ಮಾತ್ರ ಹೋಗಬೇಡಿ, ಎರಡೂ ಕಡೆಯವರು ನಿಮ್ಮ ಮೇಲೆಯೇ ಪದ ಕಟ್ಟಿಯಾರು!